ಬಾಗಿಲು ಹಾಕ್ಕೊಂಡು ಕೂತವರ ಈಸ್ಟರ್

ಈಸ್ಟರ್ ಬೆಳಿಗ್ಗೆ ಆರಾಧನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಹಾಡ್ತಾ ಇರ್ತೀವಿ, ಆದ್ರೆ ಸುವಾರ್ತೆ ತೆಗೆದು ಓದಿದ್ರೆ ಯೇಸು ಸಾವಿನಿಂದ ಎದ್ದು ಬಂದ ಆ ಮೊದಲನೇ ಈಸ್ಟರ್ ದಿನ ಯಾರಾದ್ರೂ ಹಾಡಿದ್ರು ಅಂತ ಎಲ್ಲೂ ಬರೆದಿಲ್ಲ ನೋಡಿ, ಬರೆದಿರೋದು ಜಾಸ್ತಿ ಹೆದರಿಕೆನೇ. ಮಾರ್ಕ 16:8ರಲ್ಲಿ ಸಮಾಧಿ ಹತ್ರ ಹೋದ ಹೆಂಗಸರು ನಡುಗಿಕೊಂಡು ಓಡಿಹೋದ್ರು, ಭಯಕ್ಕೆ ಯಾರ ಹತ್ರನೂ ಏನೂ ಹೇಳ್ಲಿಲ್ಲ ಅಂತಿದೆ. ತುಂಬಾ ಹಳೇ ಕೈಬರಹದ ಪ್ರತಿಗಳಲ್ಲಿ ಆ ಸುವಾರ್ತೆ ಅಲ್ಲಿಗೇ ನಿಂತುಬಿಡುತ್ತೆ.

ಇದು ನನ್ನ ಕಣ್ಣಿಗೆ ಬಿದ್ದಿದ್ದು ನಾನೇ ಭಯದಲ್ಲಿ ಮುಳುಗಿದ್ದಾಗ. ಒಂದು ಟೆಸ್ಟ್ ರಿಪೋರ್ಟ್‌ಗೆ ಕಾಯ್ತಾ ಇದ್ದೆ, ನಾಲ್ಕು ರಾತ್ರಿ ನಿದ್ದೆ ಇಲ್ಲ. ಭಯಪಡಬೇಡ ಅನ್ನೋ ವಾಕ್ಯಗಳನ್ನೆಲ್ಲ ಹುಡುಕಿ ಹುಡುಕಿ ಮಾತ್ರೆ ನುಂಗಿದ ಹಾಗೆ ಓದಿದೆ, (ಬೈಬಲ್‌ನಲ್ಲಿ ದಿನಕ್ಕೊಂದರಂತೆ ಸರಿಯಾಗಿ 365 ಸಲ ಇದೆ ಅಂತ ಫಾರ್ವರ್ಡ್ ಬರುತ್ತಲ್ಲ, ಎಣಿಸಿ ನೋಡಿದ್ರೆ ಅಷ್ಟು ಸಿಗಲ್ಲ, ಆದ್ರೂ ಬೇಕಾದಷ್ಟಿದೆ), ಎದೆ ಬಡಿತ ಮಾತ್ರ ಕಡಿಮೆ ಆಗ್ಲಿಲ್ಲ. ಅದರ ಮೇಲೆ ಒಬ್ಬರು ವಿಶ್ವಾಸ ಇದ್ದೋರಿಗೆ ಭಯ ಎಲ್ಲಿಂದ ಬರುತ್ತೆ ಅಂದ್ರು. ಅಲ್ಲಿಗೆ ರಿಪೋರ್ಟಿನ ಭಯದ ಜೊತೆ ನನಗೆ ವಿಶ್ವಾಸನೇ ಇಲ್ವೇನೋ ಅನ್ನೋ ಇನ್ನೊಂದು ಭಯ ಸೇರ್ಕೊಳ್ತು.

ಅವರಿಗೆ ದಾವೀದನ ಕಥೆ ಹೇಳ್ಬೇಕಿತ್ತು, ಆಗ ಹೊಳೀಲಿಲ್ಲ. ದೈತ್ಯ ಗೊಲ್ಯಾತನನ್ನ ಕವಣೆ ಕಲ್ಲಲ್ಲಿ ಬೀಳಿಸಿದ ಅದೇ ದಾವೀದ, ತನ್ನನ್ನ ಕೊಲ್ಲೋಕೆ ನೋಡ್ತಿದ್ದ ರಾಜ ಸೌಲನಿಗೆ ಹೆದರಿ ಓಡ್ತಾ ಓಡ್ತಾ ನೋಬ್ ಅನ್ನೋ ಊರಲ್ಲಿ ಯಾಜಕನ ಹತ್ರ ಗೊಲ್ಯಾತನ ಕತ್ತಿನೇ ಇಸ್ಕೊಂಡು ನೇರ ಹೋಗಿದ್ದು ಎಲ್ಲಿಗೆ ಗೊತ್ತಾ, ಗತ್ ಊರಿಗೆ, ಅಂದ್ರೆ ಗೊಲ್ಯಾತನ ಸ್ವಂತ ಊರಿಗೆ! ಭಯ ಬಂದಾಗ ಬುದ್ಧಿ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ. ಅಲ್ಲಿಯವರು ಗುರುತು ಹಿಡಿದ್ರು, ದಾವೀದ ಅಲ್ಲಿನ ರಾಜ ಆಕೀಷನಿಗೆ ಬಹಳ ಹೆದರಿದ ಅಂತ 1 ಸಮುವೇಲ 21ರಲ್ಲಿ ಮುಚ್ಚುಮರೆ ಇಲ್ದೆ ಬರೆದಿದೆ, ಗಡ್ಡದ ಮೇಲೆ ಜೊಲ್ಲು ಸುರಿಸ್ಕೊಂಡು, ಬಾಗಿಲ ಮೇಲೆ ಗೀಚ್ತಾ ಹುಚ್ಚನ ಥರ ನಟಿಸಿ ಜೀವ ಉಳಿಸ್ಕೊಂಡ. 56ನೇ ಕೀರ್ತನೆಯ ತಲೆಬರಹ ನೋಡಿ, ಗೊಲ್ಯಾತನ ಜನ ಫಿಲಿಷ್ಟಿಯರು ಗತ್‌ನಲ್ಲಿ ಅವನನ್ನ ಹಿಡಿದಾಗಿನ ಹಾಡು ಅದು. ಅದರ ಮೂರನೇ ವಚನದಲ್ಲೇ ನನಗೆ ಹೆದರಿಕೆ ಆದಾಗ ನಿನ್ನನ್ನ ನಂಬ್ತೀನಿ ಅನ್ನೋ ಮಾತಿರೋದು. ಆದಾಗ ಅಂತಾನೆ ಅವನು, ಹೋದಮೇಲೆ ಅನ್ನಲ್ಲ. ಜೊಲ್ಲು ಒರೆಸ್ಕೊಂಡ ಬಾಯಿಂದ ಬಂದ ಮಾತು ಅಂತ ಗೊತ್ತಾದ್ಮೇಲೆ ಆ ವಾಕ್ಯ ನನಗೆ ಹತ್ರ ಆಯ್ತು.

ಮತ್ತೆ ಯೋಹಾನ 20ಕ್ಕೆ ಬಂದೆ. ಭಾನುವಾರ ಸಾಯಂಕಾಲ ಶಿಷ್ಯರು ಭಯದಿಂದ ಬಾಗಿಲು ಹಾಕ್ಕೊಂಡು ಒಳಗಿದ್ದಾರೆ, ಯೇಸುಸ್ವಾಮಿ ಬಂದು ನಡುವೆ ನಿಂತು "ನಿಮಗೆ ಸಮಾಧಾನವಾಗಲಿ" ಅಂತಾರೆ, ಕೈ ತೋರಿಸ್ತಾರೆ, ಪಕ್ಕೆ ತೋರಿಸ್ತಾರೆ. ಯಾಕೆ ಬಿಟ್ಟು ಓಡಿಹೋದ್ರಿ ಅನ್ನೋ ಒಂದು ಪ್ರಶ್ನೆನೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ನಾನು ಇಷ್ಟು ವರ್ಷ ಗಮನಿಸದೇ ಇದ್ದಿದ್ದು 26ನೇ ವಚನ, ಎಂಟು ದಿನ ಆದ್ಮೇಲೆ, ಎದ್ದು ಬಂದ ಕರ್ತನನ್ನ ಕಣ್ಣಾರೆ ನೋಡಿ ಸಂತೋಷಪಟ್ಟ ಮೇಲೂ, ಬಾಗಿಲು ಮತ್ತೆ ಹಾಕೇ ಇದೆ! ಈ ಸಲ ಕಾರಣ ಬರೆದಿಲ್ಲ, ಆದ್ರೆ ನನಗೇನೋ ಅದೇ ಹಳೇ ಕಾರಣ ಅಂತಲೇ ಅನ್ಸುತ್ತೆ. ಆವಾಗ್ಲೂ ಅವರು ಬಂದ್ರು, ಅದೇ ಮಾತು ಹೇಳಿದ್ರು. ಬಾಗಿಲು ತೆಗೀರಿ ಆಮೇಲೆ ಬರ್ತೀನಿ ಅನ್ಲಿಲ್ಲ. ಆ ರಾತ್ರಿ ಇದನ್ನ ಓದಿ ನಾನು ಅತ್ತೆ, ಭಯ ಹೋಗ್ಲಿ ಅಂತ ಬೇಡೋದು ಬಿಟ್ಟು, ನನಗೆ ಭಯ ಆಗ್ತಿದೆ ಕರ್ತನೇ, ಇಲ್ಲೇ ಬನ್ನಿ ಅಂದೆ ಅಷ್ಟೇ. ನಿದ್ದೆ ಬಂತಾ ಅಂದ್ರೆ ಒಂದೆರಡು ಗಂಟೆ ಬಂತು.

ಅದೇ ಶಿಷ್ಯರಲ್ಲಿ ಒಬ್ಬನಾದ ಪೇತ್ರನ ನಿದ್ದೆ ಬೇರೆ ಲೆವೆಲ್ಲು ಬಿಡಿ. ಗಾಳಿ ನೋಡಿ ಹೆದರಿ ನೀರಲ್ಲಿ ಮುಳುಗೋಕೆ ಶುರುವಾದವನು, ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಯೇಸು ಯಾರೋ ಗೊತ್ತಿಲ್ಲ ಅಂದವನು, ಅಪೊಸ್ತಲರ ಕೃತ್ಯಗಳು 12ರಲ್ಲಿ ರಾಜ ಹೆರೋದ ಅವನನ್ನ ಜನರ ಮುಂದೆ ವಿಚಾರಣೆಗೆ ತರಬೇಕು ಅಂತಿದ್ದ ಹಿಂದಿನ ರಾತ್ರಿ ಜೈಲಲ್ಲಿ ಎರಡು ಸರಪಳಿ ಹಾಕಿಸ್ಕೊಂಡು ಇಬ್ಬರು ಸಿಪಾಯಿಗಳ ಮಧ್ಯೆ ಮಲಗಿದಾನೆ, ದೇವದೂತ ಬಂದು ಬೆಳಕು ಹರಡಿದ್ರೂ ಎಚ್ಚರ ಇಲ್ಲ, ಪಕ್ಕೆ ತಟ್ಟಿ ಎಬ್ಬಿಸಬೇಕಾಯ್ತು. ಹಾಕಿದ ಬಾಗಿಲ ಹಿಂದೆ ಕೂತಿದ್ದ ಆ ಎರಡು ಭಾನುವಾರಗಳಿಂದ ಇಲ್ಲಿ ತನಕ ಎಷ್ಟೋ ವರ್ಷ ಹಿಡಿದಿದೆ, ಒಂದೇ ರಾತ್ರೀಲಿ ಆದ ಕೆಲಸ ಅಲ್ಲ ಅದು.

ಬಿಡುಗಡೆ ಆಗಿ ಮಾರ್ಕ ಅನ್ನೋ ಯೋಹಾನನ ತಾಯಿ ಮರಿಯಳ ಮನೆಗೆ ಬಂದ್ರೆ ಅಲ್ಲೂ ಬಾಗಿಲು ಹಾಕಿದೆ, ಒಳಗೆ ಎಲ್ಲರೂ ಸೇರಿ ಪ್ರಾರ್ಥನೆ ಮಾಡ್ತಿದ್ದಾರೆ. ರೋದೆ ಅನ್ನೋ ಹುಡುಗಿ ದನಿ ಗುರುತು ಹಿಡಿದು ಖುಷಿಗೆ ಬಾಗಿಲು ತೆಗೆಯೋದೇ ಮರೆತು ಒಳಗೆ ಓಡಿದ್ಲು, ಪೇತ್ರ ಬಂದಿದಾನೆ ಅಂದ್ರೆ ನಿನಗೆಲ್ಲೋ ಹುಚ್ಚು ಅಂದ್ರಂತೆ. ಅವನು ಹೊರಗೆ ನಿಂತು ತಟ್ತಾನೇ ಇದ್ದ.