ಪಿಕ್ಚರ್ ಒಳಗಿತ್ತು, ಕೀ ಇರಲಿಲ್ಲ

ಶುಕ್ರವಾರ ಬೆಳಗ್ಗೆ ನಮ್ಮ ಟಾಕೀಸಿನಲ್ಲಿ ಯಾರೂ ಸರಿಯಾಗಿ ನಾಷ್ಟಾ ಮಾಡೋದಿಲ್ಲ. ಹೊಸ ಪಿಕ್ಚರ್ ಬೀಳೋ ದಿನ ಅದು. ಅಜ್ಜನ ಕಾಲದಿಂದಲೂ ಹೀಗೇ. ಆಗ ಹೆದರಿಕೆ ಇದ್ದದ್ದು ಹುಬ್ಬಳ್ಳಿ ಬಸ್ಸಿನದು, ರೀಲಿನ ಡಬ್ಬಿ ಬಂತೋ ಇಲ್ಲವೋ ಅಂತ. ಈಗ ಫೋನಿನದು.

ಕಳೆದ ದೀಪಾವಳಿ ಮುಗಿದ ಮೇಲಿನ ಒಂದು ಶುಕ್ರವಾರ. ಗದಗಿನ ಪಕ್ಕದ ನಮ್ಮ ಬೆಟಗೇರಿಯಲ್ಲಿ ಅಷ್ಟು ಹೊತ್ತಿಗೇ ಬಿಸಿಲು ಚುರುಗುಡುತ್ತಿತ್ತು. ಹುಡುಗರು ಕಟೌಟಿಗೆ ಹಾರ ಹಾಕಿ, ಪಟಾಕಿ ಹಚ್ಚಿ, ಹತ್ತೂವರೆ ಆಟಕ್ಕೆ ಒಳಗೆ ಬಂದು ಕೂತಿದ್ದರು. 300ರ ಮೇಲೆ ಜನ. ಸಿಂಗಲ್ ಸ್ಕ್ರೀನಿಗೆ ಬೆಳಗಿನ ಆಟಕ್ಕೆ ಇಷ್ಟು ಜನ ಬಂದರೆ ಹಬ್ಬವೇ ಅಲ್ವಾ? ನಾನು ಖುಷಿಯಲ್ಲಿ ಬುಕಿಂಗ್ ಕಿಟಕಿ ಹತ್ತಿರ ನಿಂತಿದ್ದೆ. ಅಷ್ಟರಲ್ಲಿ ಆಪರೇಟರ್ ಕಾಕಾ ಮೆಟ್ಟಿಲಿಳಿದು ಬಂದ. ಅವನು ಕೆಳಗೆ ಬರೋದೇ ಅಪರೂಪ.

‘ಧಣಿ, ಪಿಕ್ಚರ್ ಐತ್ರಿ. ಬಾಗಿಲಾ ತಗೀವಲ್ದು.’

ಹಾರ್ಡ್ ಡಿಸ್ಕ್ ಗುರುವಾರವೇ ಬಂದಿತ್ತು. ರಾತ್ರಿ ಕೂತು ಸರ್ವರಿಗೆ ಹಾಕಿದ್ದೆವು. ಆದರೆ ಅದಕ್ಕೊಂದು ಬೀಗ ಇರುತ್ತದೆ. ಅದನ್ನ ತೆಗೆಯೋ ಕೀಗೆ ಕೆಡಿಎಂ ಅಂತಾರೆ. ಈಮೇಲಿನಲ್ಲಿ ಬರೋ ಚಿಕ್ಕ ಫೈಲು, ಕೆಲವು ಕೆಬಿ ಅಷ್ಟೇ. ಪಿಕ್ಚರ್ ನೂರಾರು ಜಿಬಿ ಇದ್ದರೂ ಆ ಚೂರು ಫೈಲು ಇಲ್ಲದಿದ್ದರೆ ಒಂದು ಫ್ರೇಮೂ ಕಾಣೋದಿಲ್ಲ. ಆ ಕೀ ಒಂದೇ ಮಷಿನ್ನಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಪಕ್ಕದ ಟಾಕೀಸಿನದು ತಂದು ಹಚ್ಚಿದರೆ ನಡೆಯೋದಿಲ್ಲ. ಹಿಂದಿನ ತಿಂಗಳು ನಮ್ಮ ಸರ್ವರ್ ಕೆಟ್ಟು ಬೇರೆ ಹಾಕಿಸಿದ್ದೆವು, ಅದರ ಹೊಸ ನಂಬರು ಕೀ ಮಾಡೋ ಆಫೀಸಿಗೆ ಕಳಿಸಿ ‘ಸಿಕ್ಕಿದೆ’ ಅನ್ನಿಸಿಕೊಂಡೂ ಇದ್ದೆ, ಆದರೂ ಅಲ್ಲಿ ಕೂತವರು ಯಾರೋ ಹಳೇ ನಂಬರಿಗೇ ಕೀ ಮಾಡಿ ಕಳಿಸಿದ್ದರು. ಯಾವ ಆಫೀಸು ಅಂತ ಹೇಳೋದು ಬೇಡ, ನಾಳೆ ಮತ್ತೆ ಅವರ ಹತ್ತಿರವೇ ಪಿಕ್ಚರ್ ಕೇಳಬೇಕು.

ಫೋನ್ ಹಚ್ಚಿದೆ. ಬ್ಯುಸಿ. ಮತ್ತೆ ಹಚ್ಚಿದೆ. ‘ಐದು ನಿಮಿಷ ಸರ್.’ ಆ ಐದು ನಿಮಿಷ ಒಂದು ತಾಸಾಯಿತು.

ಒಳಗೆ ಸೀಟಿ ಶುರುವಾಯಿತು. ನಾನೇ ಹೋಗಿ ಪರದೆ ಮುಂದೆ ನಿಂತೆ. ಮೈಕು ಇಲ್ಲ, ಮುಖದ ಮೇಲೆ ಯಾರೋ ಮೊಬೈಲ್ ಟಾರ್ಚ್ ಬಿಟ್ಟರು. ‘ಕೀ ಬಂದಿಲ್ರಿ’ ಅಂದೆ. ‘ಬೀಗಾ ಒಡೀರಿ ಮತ್ತ!’ ಅಂತ ಹಿಂದಿನ ಸಾಲಿನಿಂದ ಬಂತು. ಇಡೀ ಟಾಕೀಸು ನಕ್ಕಿತು. ನನಗೆ ನಗು ಬರಲಿಲ್ಲ. ರೊಕ್ಕ ವಾಪಸ್ ಬೇಕಾದವರು ಕಿಟಕಿಗೆ ಬರ್ರಿ ಅಂದೆ. ನಲವತ್ತು ಜನ ಎದ್ದರು. ಉಳಿದವರು ಹೊರಗೆ ಹೋಗಿ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಬಂದು ಸೀಟಿನ ಮೇಲೇ ತಿಂದರು. ಆ ದಿನ ನನಗಿಂತ ಗಾಡಿಯವನಿಗೇ ಜಾಸ್ತಿ ವ್ಯಾಪಾರ.

ಕಾಕಾ ಮಾತ್ರ ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದ. ಅವನ ಸಿಟ್ಟು ನನಗೆ ಅರ್ಥ ಆಗುತ್ತೆ. ರೀಲಿನ ಕಾಲದಲ್ಲಿ ಒಂದೇ ಪ್ರಿಂಟನ್ನ ಗದಗಿನ ಒಂದು ಟಾಕೀಸು, ನಮ್ಮದು, ಎರಡೂ ಕಡೆ ಓಡಿಸುತ್ತಿದ್ದರು. ಅಲ್ಲಿ ಅರ್ಧ ತಾಸು ಮೊದಲು ಆಟ ಶುರು. ಅಲ್ಲಿ ಮುಗಿದ ರೀಲನ್ನ ಹುಡುಗನೊಬ್ಬ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಇಲ್ಲಿಗೆ ತುಳಿಯಬೇಕು. ಒಂದು ರೀಲು ಸುಮಾರು 1000 ಅಡಿ, 11 ನಿಮಿಷ. ಒಂದು ಪಿಕ್ಚರಿಗೆ ಅಂಥ ಹದಿನಾಲ್ಕು, ಹದಿನಾರು. ಒಮ್ಮೆ ಮಳೆಯಲ್ಲಿ ಚೈನು ಕಳಚಿ ಹುಡುಗ ತಡ ಮಾಡಿದಾಗ ಕಾಕಾ ಲೈಟ್ ಹಾಕಿಸಿ ಜನರಿಗೆ ‘ಹೀರೋ ದಾರ್ಯಾಗ ಅದಾನ, ಬರಾಕತ್ಯಾನ’ ಅಂದಿದ್ದನಂತೆ. ಆಗ ಪಿಕ್ಚರ್ ಎಲ್ಲಿದೆ ಅನ್ನೋದಾದರೂ ಗೊತ್ತಿರುತ್ತಿತ್ತು. ರೀಲು ಹರಿದರೆ ಎರಡು ಫ್ರೇಮ್ ಕತ್ತರಿಸಿ, ಫಿಲ್ಮ್ ಸಿಮೆಂಟ್ ಅನ್ನೋ ಅಂಟು ಹಚ್ಚಿ ಜೋಡಿಸಿ, ಮೂರು ನಿಮಿಷಕ್ಕೆ ಮತ್ತೆ ಬಿಡುತ್ತಿದ್ದ. ಈಗ ಪಿಕ್ಚರ್ ಅವನ ರೂಮಿನಲ್ಲೇ ಇದೆ, ಅವನ ಕೈಗೆ ಕೆಲಸ ಇಲ್ಲ.

11:45ಕ್ಕೆ ಕೀ ಬಂತು. ಪೆನ್ ಡ್ರೈವಿಗೆ ಹಾಕಿ ಮೇಲೆ ಓಡಿದೆ. ಹನ್ನೆರಡಕ್ಕೆ ಎರಡು ನಿಮಿಷ ಇದ್ದಾಗ ಪರದೆ ಬೆಳಗಿತು. ಹೊಡೆದ ಚಪ್ಪಾಳೆ ಹೀರೋಗೋ ನಮಗೋ ಗೊತ್ತಿಲ್ಲ. ಮ್ಯಾಟಿನಿ ಒಂದು ತಾಸು ಮುಂದೆ ಹೋಯಿತು, ಅಲ್ಲೂ ನೂರು ಜನ ವಾಪಸ್ ಹೋದರು.

80 ರೂಪಾಯಿ ಟಿಕೆಟ್. 100ರ ಒಳಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಅದೊಂದು ಸಮಾಧಾನ. ಆಮೇಲೆ ವಿತರಕರ ಪಾಲು, ಪಗಾರ. ಹತ್ತು ಜನ ಕೂತರೂ ಐನೂರು ಜನ ಕೂತರೂ ಲ್ಯಾಂಪ್ ತಿನ್ನೋ ಕರೆಂಟ್ ಅಷ್ಟೇ. ಜಾಗ ಮಾರಿ ಕಲ್ಯಾಣ ಮಂಟಪ ಕಟ್ರಿ ಅಂತ ಬೀಗರೂ ಹೇಳ್ತಾರೆ, ಬ್ಯಾಂಕಿನವರೂ ಹೇಳ್ತಾರೆ. ಕೇಳಿಸಿಕೊಳ್ತೀನಿ.

ಇಂಟರ್ವಲ್‌ನಲ್ಲಿ ಒಬ್ಬ ನೇಕಾರ ಆಫೀಸಿಗೆ ಬಂದ. ವಾರಕ್ಕೊಂದು ಪಿಕ್ಚರ್ ತಪ್ಪಿಸದ ಮನುಷ್ಯ. ಅಂಗಿ ತೋಳಿಗೆ ನೂಲಿನ ಚೂರು ಅಂಟಿತ್ತು. ‘ಒಂದೂವರಿಗೆ ಮಗ್ಗದ ಮುಂದ ಇರಬೇಕ್ರಿ, ನೀವು ತಡಾ ಮಾಡಿದ್ರಿ, ಅರ್ಧಾ ಪಿಕ್ಚರ್ ನಿಮ್ಮ ಹಂತ್ಯಾಕ ಉಳೀತು’ ಅಂದ. ಪೂರ್ತಿ 80 ತೆಗೆದು ಕೊಟ್ಟೆ. ತಗೊಳ್ಳಲಿಲ್ಲ. ‘ರೊಕ್ಕಾ ಬ್ಯಾಡ್ರಿ. ರವಿವಾರ ಉಳದದ್ದು ತೋರಸ್ರಿ.’

ಭಾನುವಾರ ಮ್ಯಾಟಿನಿಗೆ ಸರಿಯಾಗಿ ಇಂಟರ್ವಲ್ ಹೊತ್ತಿಗೆ ಬಂದ. ಜೊತೆಗೆ ಮಗಳನ್ನ ಕರೆದುಕೊಂಡು ಬಂದಿದ್ದ. ಅವಳಿಗೆ ಟಿಕೆಟ್ ತಗೊಂಡ, ಅರ್ಧ ಪಿಕ್ಚರಿಗೆ ಪೂರ್ತಿ ರೊಕ್ಕ. ತನ್ನದು ಮಾತ್ರ ಶುಕ್ರವಾರದ ಹರಿದ ಚೀಟಿ ಜೇಬಿನಿಂದ ತೆಗೆದು ತೋರಿಸಿದ. ಗೇಟಿನ ಹುಡುಗ ನನ್ನ ಮುಖ ನೋಡಿದ. ಬಿಡು ಅಂದೆ.