ಪಿಕಪ್ ಹಿಂಭಾಗದ ಸದ್ದು: ಡಿಫರೆನ್ಷಿಯಲ್ ಬಿಚ್ಚುವ ಮುಂಚೆ

ಹಿಂದಿನಿಂದ ಗುಂಯ್ ಅಂದ ತಕ್ಷಣ "ಕ್ರೌನ್ ಪಿನಿಯನ್ ಹೋಗಿದೆ" ಅನ್ನುವುದು ವಾಡಿಕೆ; ಅಂದರೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಒಳಗಿನ ಮುಖ್ಯ ಹಲ್ಲುಚಕ್ರಗಳ ಜೋಡಿ. ಬೊಲೆರೊ ಪಿಕಪ್‌ನಂಥ, ಲೀಫ್ ಸ್ಪ್ರಿಂಗ್ ಕೆಳಗೆ ಗಟ್ಟಿ ಆಕ್ಸಲ್ ಇರುವ ಗಾಡಿಗಳಲ್ಲಿ ಅಂಥ ದುಬಾರಿ ತೀರ್ಮಾನಕ್ಕೆ ಮೊದಲು ಕಿವಿಗೆ ಕೆಲಸ ಕೊಡಿ.

ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ತಂದು ಆಕ್ಸಿಲರೇಟರ್ ಬಿಡಿ, ಮತ್ತೆ ಒತ್ತಿ. ಸದ್ದಿನ ಸ್ವರ ಅದಕ್ಕೆ ತಕ್ಕಂತೆ ಬದಲಾದರೆ ಪಿನಿಯನ್ ಬೇರಿಂಗ್ ಅಥವಾ ಹಲ್ಲುಗಳ ಸವೆತದ ಅನುಮಾನ ಸರಿ. ಕೇವಲ ವೇಗದ ಜೊತೆ ಏರಿಳಿದರೆ ವೀಲ್ ಬೇರಿಂಗ್, ಇಲ್ಲವೇ ಅಂಕುಡೊಂಕಾಗಿ ಸವೆದ ಟೈರ್. ಹಿಂದಿನ ಟೈರನ್ನು ಮುಂದಕ್ಕೆ ಹಾಕಿ ನೋಡಿದರೆ ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಕ್ಲಚ್ ಬಿಡುವಾಗ ಒಮ್ಮೆ "ಟಣ್" ಎಂದರೆ ಹೆಚ್ಚಾಗಿ ಯೂನಿವರ್ಸಲ್ ಜಾಯಿಂಟ್ (ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಶಾಫ್ಟ್‌ನ ಕೀಲು). ಚಕ್ರಗಳಿಗೆ ಅಡೆ ಕೊಟ್ಟು, ಜಾಯಿಂಟ್‌ನ ಎರಡೂ ಬದಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಡಿಫರೆನ್ಷಿಯಲ್ ಒಳಗೆ ಸ್ವಲ್ಪ ಆಟ ಸಹಜ, ಜಾಯಿಂಟ್ ನಡುವಿನ ಕ್ರಾಸ್‌ನಲ್ಲಿ (ಕೂಡು ಗುರುತಿನಾಕಾರದ ಭಾಗ) ಕಣ್ಣಿಗೆ ಕಾಣುವಷ್ಟು ಇರಬಾರದು. ಕ್ರಾಸ್ ತುದಿಯ ಬೇರಿಂಗ್ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗಿನ ಗ್ರೀಸ್ ಒಣಗಿದೆ ಎಂದೇ ಅರ್ಥ. ಹಂಪ್ ಮೇಲೆ ಮಾತ್ರ ಕಿರುಗುಟ್ಟಿದರೆ ಲೀಫ್ ಸ್ಪ್ರಿಂಗ್ ತುದಿಯ ಶ್ಯಾಕಲ್ ಬುಷ್ ನೋಡಿ.

ಡಿಫರೆನ್ಷಿಯಲ್ ಆಯಿಲ್ ತೆಗೆಯುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಸಡಿಲಿಸಿ. ಅದು ಕಚ್ಚಿಕೊಂಡಿದ್ದು ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿಬಿಟ್ಟರೆ ಹೊಸ ಆಯಿಲ್ ತುಂಬಲಾಗದೆ ಗಾಡಿ ಅಲ್ಲೇ ನಿಂತಂತೆ. ಪ್ಲಗ್‌ನ ಮ್ಯಾಗ್ನೆಟ್‌ನಲ್ಲಿ ಬೂದು ಪೇಸ್ಟ್ ಮಾಮೂಲಿ. ಲೋಹದ ಚೂರು ಸಿಕ್ಕರೆ ಬಿಚ್ಚಲೇಬೇಕು. ಜಿಎಲ್-5 ದರ್ಜೆಯ ಗೇರ್ ಆಯಿಲನ್ನು ಸಮತಟ್ಟು ನೆಲದಲ್ಲಿ ಫಿಲ್ಲರ್ ರಂಧ್ರದ ಕೆಳ ಅಂಚಿನವರೆಗೆ ತುಂಬಿ. ಬ್ರೀದರ್‌ಗೆ (ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ದಾರಿ) ಕೆಸರು ಕಟ್ಟಿದ್ದರೆ ಒಳಗಿನ ಒತ್ತಡ ಹೊಸ ಆಯಿಲನ್ನೂ ಸೀಲ್ ದಾಟಿಸಿ ಬ್ರೇಕ್ ಶೂ ಮೇಲೆ ತಳ್ಳುತ್ತದೆ.