ಚಿಂಪಾಂಜಿ ದ್ವೀಪಕ್ಕೆ ಹೋಗುವುದಾದರೆ ಇಡೀ ದಿನ ಇಟ್ಟುಕೊಳ್ಳಿ

ಅಕ್ಕ ಭಾವ ಕಂಪಾಲಾದಲ್ಲಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ನಾನೂ ಅಮ್ಮನೂ ಉಗಾಂಡಾಕ್ಕೆ ಹೋಗಿದ್ದು. ಅಲ್ಲಿ ಒಂದು ದಿನ ಎನ್‌ಗಾಂಬಾ ದ್ವೀಪಕ್ಕೆ ಹೋಗೋಣ ಅಂದಾಗ ಅಮ್ಮ ಮೊದಲು ಕೇಳಿದ್ದು, "ಚಿಂಪಾಂಜಿ ಮೈಸೂರು ಜೂನಲ್ಲೇ ಇದೆಯಲ್ಲೋ, ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಸಂಜೆ ವಾಪಸ್ ಬರುವಾಗ ಆ ಪ್ರಶ್ನೆ ಅವರಿಗೇ ಮರೆತುಹೋಗಿತ್ತು.

ಈ ದ್ವೀಪ ಇರುವುದು ವಿಕ್ಟೋರಿಯಾ ಸರೋವರದಲ್ಲಿ, ಏರ್‌ಪೋರ್ಟ್ ಇರುವ ಎಂಟೆಬೆ ಊರಿಂದ ಸುಮಾರು 23 ಕಿಲೋಮೀಟರ್ ದೂರ. ಬೋಟು ಹೊರಡುವುದು ಎಂಟೆಬೆಯಿಂದಲೇ. ಸ್ಪೀಡ್ ಬೋಟಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮರದ ದೋಣಿಯಾದರೆ ಅದಕ್ಕಿಂತ ಜಾಸ್ತಿ. ದಾರಿಯಲ್ಲಿ ಭೂಮಧ್ಯರೇಖೆ ದಾಟುತ್ತೀರಿ. ಬೋಟಿನವನು ವೇಗ ಇಳಿಸಿ "ಇದೇ ಈಕ್ವೇಟರ್" ಅಂದ. ಅಮ್ಮ ಎದ್ದು ನಿಂತು ನೀರು ನೋಡಿ, "ಎಲ್ಲಿದೆ ಗೆರೆ?" ಅಂದರು.

ಈಗ ಮುಖ್ಯವಾದ ಮಾತು. ದ್ವೀಪದಲ್ಲಿ ಪ್ರವಾಸಿಗರು ನೋಡಬಹುದಾದ ಚಿಂಪಾಂಜಿಗಳ ಊಟದ ಹೊತ್ತು ಎರಡು: ಬೆಳಿಗ್ಗೆ 11ಕ್ಕೆ, ಮಧ್ಯಾಹ್ನ 2.30ಕ್ಕೆ. ಬುಕ್ ಮಾಡುವಾಗ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಆ ಹೊತ್ತು ಬಿಟ್ಟರೆ ಚಿಂಪಾಂಜಿಗಳು ಕಾಡಿನ ಒಳಗಿರುತ್ತವೆ, ನೀವು ಎಷ್ಟು ದುಡ್ಡು ಕೊಟ್ಟು ಬಂದಿದ್ದರೂ ಬರೀ ಮರ ನೋಡಿಕೊಂಡು ಕೂರಬೇಕು. ನಮ್ಮನ್ನು ಕರೆದುಕೊಂಡು ಹೋದವನು 9ಕ್ಕೆ ದಡಕ್ಕೆ ಬನ್ನಿ ಅಂದಿದ್ದ. ಬೋಟು ಬಿಟ್ಟಿದ್ದು 10.20ಕ್ಕೆ. ಇನ್ಯಾರೋ ಇಬ್ಬರು ಬರಬೇಕಿತ್ತಂತೆ. ನಾವು ಇಳಿದು ಓಡಿಕೊಂಡು ಹೋಗುವಷ್ಟರಲ್ಲಿ ಬುಟ್ಟಿಯ ತಳದಲ್ಲಿ ನಾಲ್ಕು ಕ್ಯಾರೆಟ್ ಉಳಿದಿತ್ತು. ನಾವು ಇಡೀ ದಿನಕ್ಕೆ ಬುಕ್ ಮಾಡಿದ್ದರಿಂದ ಬಚಾವ್. ನಮ್ಮ ಜೊತೆ ಅರ್ಧ ದಿನಕ್ಕೆ ಬಂದಿದ್ದ ಒಂದು ಸಂಸಾರ ಆ ನಾಲ್ಕು ಕ್ಯಾರೆಟ್ ನೋಡಿಕೊಂಡೇ ವಾಪಸ್ ಹೋಯಿತು. ಆ ಮಗುವಿನ ಮುಖ ನೋಡೋಕಾಗಲಿಲ್ಲ.

2.30ಕ್ಕೆ ನಾವು ಹದಿನೈದು ನಿಮಿಷ ಮೊದಲೇ ಅಟ್ಟಣೆಯ ಮೇಲೆ ಹೋಗಿ ಕೂತೆವು. ಎದುರಿಗೆ ಕರೆಂಟ್ ಬೇಲಿ, ಆಚೆ ಸ್ವಲ್ಪ ಬಯಲು, ಅದರಾಚೆ ಕಾಡು. ಮೊದಲು ಕೇಳಿದ್ದು ಕೂಗು. ಒಂದು ಶುರು ಮಾಡಿತು, ಹತ್ತು ಸೇರಿಕೊಂಡವು, ಆಮೇಲೆ ಕಾಡೇ ಕಿರುಚಿದ ಹಾಗೆ. ಸಿಬ್ಬಂದಿ ಪಪ್ಪಾಯಿ, ಕಲ್ಲಂಗಡಿ, ಹಲಸಿನ ತುಂಡು ಎಸೆಯೋಕೆ ಶುರು ಮಾಡಿದರು. ಕೆಲವು ಕೈ ಮೇಲೆತ್ತಿ "ಇತ್ತ ಎಸಿ" ಅನ್ನುತ್ತಿದ್ದವು, ಒಂದು ದಪ್ಪ ಗಂಡು ಸುಮ್ನೆ ಕೂತಲ್ಲೇ ಕೈ ಚಾಚಿ ಒಂದೇ ಕೈಯಲ್ಲಿ ಕ್ಯಾಚ್ ಹಿಡಿಯುತ್ತಿತ್ತು, ಒಂದನ್ನೂ ಬಿಡಲಿಲ್ಲ. ಒಂದು ಹೆಣ್ಣು ಎರಡೂ ಕೈಯಲ್ಲಿ ಹಣ್ಣು, ಬಾಯಲ್ಲಿ ಒಂದು, ಕಂಕುಳಲ್ಲಿ ಇನ್ನೊಂದು ಇಟ್ಟುಕೊಂಡು ಎರಡೇ ಕಾಲಲ್ಲಿ ಮರದ ಕಡೆ ನಡೆಯಿತು, ಥೇಟ್ ಮದುವೆ ಮನೆಯಿಂದ ತಾಂಬೂಲದ ಚೀಲ ಎತ್ತಿಕೊಂಡು ಹೊರಟ ಹಾಗೆ. ಬೇಲಿಯ ಈಚೆ ಬಿದ್ದ ಒಂದು ತುಂಡನ್ನು ಇನ್ನೊಂದು ಚಿಂಪಾಂಜಿ ಕಡ್ಡಿ ಹುಡುಕಿ ತಂದು, ತಂತಿಗೆ ಕೈ ತಗಲದ ಹಾಗೆ ಕೆಳಗಿಂದ ಮೆಲ್ಲಗೆ ಎಳೆದುಕೊಂಡಿತು. ಮೂರನೇ ಸಲಕ್ಕೆ ಸಿಕ್ಕಿತು. ನಾನು ಫೋನ್ ಹಿಡಿದಿದ್ದವನು ವಿಡಿಯೋ ಒತ್ತೋದೇ ಮರೆತಿದ್ದೆ.

ಒಂದರ ಕೈಯಲ್ಲಿ ಬೆರಳುಗಳಿರಲಿಲ್ಲ. ಬೇರೆ ಪ್ರಾಣಿಗೆ ಹಾಕಿದ ಉರುಲಿಗೆ ಇವು ಸಿಕ್ಕಿಕೊಂಡರೆ ಹೀಗಾಗುತ್ತದಂತೆ. ಇಲ್ಲಿರುವವು ಸುಮಾರು 50. ಹೆಚ್ಚಿನವುಗಳ ಕಥೆ ಒಂದೇ: ತಾಯಿಯನ್ನು ಮಾಂಸಕ್ಕೆ ಕೊಂದು, ಮರಿಯನ್ನು ಸಾಕೋಕೆ ಅಂತ ಮಾರಿ, ಆಮೇಲೆ ಅಧಿಕಾರಿಗಳ ಕೈಗೆ ಸಿಕ್ಕವು. ಹೀಗೆ ಸಿಕ್ಕವನ್ನು ಸಾಕುವ ಈ ಆಶ್ರಯಧಾಮ 1998ರಲ್ಲಿ 19 ಚಿಂಪಾಂಜಿಗಳಿಂದ ಶುರುವಾಯಿತು. ದ್ವೀಪ ಯಾಕೆ ಅಂದರೆ ಅವುಗಳಿಗೆ ಈಜು ಬರುವುದಿಲ್ಲ, ನೀರೇ ಗೋಡೆ. ಆದರೆ ಇರುವುದು ಸುಮಾರು 100 ಎಕರೆ. ಇಷ್ಟು ಹೊಟ್ಟೆಗೆ ಆ ಕಾಡಿನ ಹಣ್ಣು ಸಾಲದು, ಅದಕ್ಕೇ ಕೈಯಿಂದ ಊಟ. ಮರಿ ಹುಟ್ಟಿದರೂ ಜಾಗ ಸಾಲದು ಅಂತ ಹೆಣ್ಣುಗಳಿಗೆ ಗರ್ಭನಿರೋಧಕ ಹಾಕುತ್ತಾರೆ. ಅಮ್ಮನಿಗೆ ಇದು ಸರಿ ಕಾಣಲಿಲ್ಲ, ಅರ್ಧ ಗಂಟೆ ಮಾತಾಡಲಿಲ್ಲ. ಸಂಜೆ ಕಾಡಿಂದ ಮಲಗುವ ಜಾಗದ ಒಳಗೆ ಬಂದ ಚಿಂಪಾಂಜಿಗಳಿಗೆ ಗಂಜಿ, ಮಲಗೋಕೆ ಜೋಲಿ. ರಾತ್ರಿ ದ್ವೀಪದಲ್ಲೇ ಉಳಿಯುವವರಿಗೆ ಮಾತ್ರ ಆ ಹೊತ್ತು ಸಿಗುತ್ತದೆ.

ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಮನುಷ್ಯರ ನೆಗಡಿ, ಜ್ವರ ಇವಕ್ಕೆ ಸಲೀಸಾಗಿ ಅಂಟುತ್ತದೆ, ನಮಗೆ ಎರಡು ದಿನದ ಕೆಮ್ಮು ಅವಕ್ಕೆ ಪ್ರಾಣಕ್ಕೇ ಬರಬಹುದು. ಮೈ ಸರಿ ಇಲ್ಲದಿದ್ದರೆ ದಯವಿಟ್ಟು ದಿನ ಬದಲಾಯಿಸಿ.

ಊರಿಂದ ಹೊರಡುವವರಿಗೆ: ವೀಸಾ ಆನ್‌ಲೈನಲ್ಲೇ ಆಗುತ್ತದೆ, ಆದರೆ ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್ ಬೇಕೇ ಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು, ಎಲ್ಲಾ ಆಸ್ಪತ್ರೆಯಲ್ಲಿ ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಅಮ್ಮನಿಗೆ 60 ದಾಟಿದ್ದರಿಂದ ಡಾಕ್ಟರನ್ನು ಕೇಳಿಯೇ ಹಾಕಿಸಿದ್ದು, ನೀವೂ ಹಾಗೇ ಮಾಡಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅಲ್ಲೇ ಕೇಳಿಬಿಡಿ. ಸರೋವರದ ನೀರು ಎಷ್ಟೇ ಚೆನ್ನಾಗಿ ಕಂಡರೂ ಕಾಲು ಇಳಿಬಿಡಬೇಡಿ, ಅದರಲ್ಲಿ ಚರ್ಮದ ಮೂಲಕ ಒಳಹೋಗುವ ಬಿಲ್ಹಾರ್ಜಿಯಾ ಹುಳು ಇರುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಅಕ್ಕ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು. ಟೋಪಿ, ತೋಳು ಮುಚ್ಚುವ ಅಂಗಿ, ನೀರು ಇರಲಿ. ಫೋನಿಗೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ವಾಪಸ್ ಬರುವಾಗ ಗಾಳಿ ಎದ್ದು ಅಲೆ ಜೋರಾಗಿತ್ತು, ಬೋಟಿನ ಮುಂದಿನ ಸೀಟಲ್ಲಿ ಕೂತಿದ್ದ ನನ್ನ ಸೊಂಟ ಎರಡು ದಿನ ನೋಯಿತು. ಹಿಂದೆ ಕೂತಿದ್ದ ಅಮ್ಮ ಲೈಫ್ ಜಾಕೆಟ್ ಹಾಕಿಕೊಂಡೇ ನಿದ್ದೆ ಹೋಗಿದ್ದರು.